ಕೊಕ್ಕೋ ಒಡೆದವರ ಪಾಲು ಎಲ್ಲಿ?

ನಮ್ಮ ಲಾಯಿಲದ ಹತ್ತಿರದ ಒಂದು ಶಾಲೆಗೆ ಒಂದು ಕಂಪೆನಿಯ ಕಾರು ಬಂತು. ಆ ಕಂಪೆನಿಯ ಹೆಸರು ಇಲ್ಲಿ ಬೇಡ. ಹೆಸರು ಯಾವುದಾದರೂ ಕಾರು ಒಂದೇ, ಚೀಲ ಒಂದೇ, ಕ್ಯಾಮರಾ ಒಂದೇ. ಮೂರು ಮಂದಿ ಇಳಿದರು, ಮಕ್ಕಳಿಗೆ ಶಾಲೆ ಚೀಲ ಹಂಚಿದರು. ಚೀಲದ ಮೇಲೆ ಕಂಪೆನಿಯ ಗುರುತು, ಪುಸ್ತಕಕ್ಕಿಂತ ದೊಡ್ಡದು. ಆಮೇಲೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಯಾವತ್ತೂ ಹಿಂದಿನ ಸಾಲಿಗೆ ಹೋಗುವ ನಮ್ಮ ಕಾಲನಿಯ ಮಕ್ಕಳನ್ನು ಅವತ್ತು ಮುಂದಿನ ಸಾಲಿಗೆ ಕರೆದರು. ಬಡತನ ಫೋಟೋದಲ್ಲಿ ಚೆಂದ ಕಾಣಬೇಕಲ್ಲ! ಅಷ್ಟಾದರೂ ಫೋಟೋದವನಿಗೆ ಸಮಾಧಾನ ಆಗಲಿಲ್ಲ. 'ಕೈ ಮುಗೀರಿ ಮಕ್ಕಳೇ' ಅಂದ. ಮಕ್ಕಳು ಮುಗಿದರು.

ಅವತ್ತು ರಾತ್ರಿ ಕಾಲನಿಯಲ್ಲಿ ಜಗಳ ಆಯಿತು. ಚೀಲ ವಾಪಸು ಕೊಡಬೇಕು ಅಂತ ಕೆಲವರು. 'ಕೊಟ್ಟದ್ದನ್ನು ತಗೊಂಡರೆ ಎಂತ ಹೋಯ್ತು ಮಾರಾಯ್ರೆ? ನಮ್ಮ ಅಜ್ಜಂದಿರು ಧಣಿಗಳ ಅಂಗಳದಲ್ಲಿ ತಗೊಳ್ಳಲಿಲ್ವಾ?' ಅಂತ ಇನ್ನು ಕೆಲವರು. ಮಾತು ಅಲ್ಲಿಗೆ ನಿಂತಿತು. ಯಾಕೆಂದರೆ ಆ ಮಾತಿನೊಳಗೇ ಉತ್ತರ ಇತ್ತು. ಹೌದು, ತಗೊಂಡರು. ಹಬ್ಬಕ್ಕೆ ಒಂದು ಸೇರು ಅಕ್ಕಿ, ಹಳೆಯ ಒಂದು ಪಂಚೆ, ಗೆರಟೆಯಲ್ಲಿ ಚಾ. ತಗೊಂಡು ಕೈ ಮುಗಿದರು. ಕೈ ಮುಗಿದ ಮೇಲೆ ಸಂಬಳ ಕೇಳುವ ಬಾಯಿ ಮೇಲೇಳಲಿಲ್ಲ. ಧಣಿ ಕೊಟ್ಟದ್ದು ಒಂದು ಸೇರು, ಆ ಒಂದು ಸೇರಿನಿಂದ ಉಳಿಸಿಕೊಂಡದ್ದು ಒಂದು ಗದ್ದೆ. ಈ ಲೆಕ್ಕ ನಮಗೆ ಬಹಳ ತಡವಾಗಿ ಗೊತ್ತಾಯಿತು.

ಆ ಲೆಕ್ಕವನ್ನೇ ನಾವು ಇಲ್ಲಿ ಬಿಡಿಸಿ ಬರೆಯಲು ಹೊರಟಿದ್ದೇವೆ. ನಾವು ಅಂದರೆ ಒಬ್ಬರು ಮಾಸ್ಟ್ರು, ಇಬ್ಬರು ತೋಟದ ಕೆಲಸದವರು, ಒಬ್ಬಳು ಕಾಲೇಜಿನ ಹುಡುಗಿ. ಬಹುರಾಷ್ಟ್ರೀಯ ಕಂಪೆನಿ, ಸಾಮಾಜಿಕ ಜವಾಬ್ದಾರಿ ಅಂತ ದೊಡ್ಡ ದೊಡ್ಡ ಮಾತು ಬಂದಾಗ ಅದೆಲ್ಲ ಬೆಂಗಳೂರಿನವರಿಗೆ ಸೇರಿದ್ದು ಅಂತ ನಾವು ಸುಮ್ಮನಿರುತ್ತೇವೆ. ಆದರೆ ಜಗತ್ತಿನ ಅತಿ ದೊಡ್ಡ ಚಾಕಲೇಟು ಕಂಪೆನಿಗಳಲ್ಲಿ ಒಂದು ಐವತ್ತು ವರ್ಷಗಳ ಹಿಂದೆಯೇ ನಮ್ಮ ಅಡಿಕೆ ತೋಟಗಳ ನೆರಳಿಗೆ ಬಂದು ಕೂತಿತ್ತು. ನಮ್ಮ ಅಮ್ಮಂದಿರು ಅದಕ್ಕಾಗಿ ಕಾಯಿ ಒಡೆದಿದ್ದಾರೆ. ಅದು ಕ್ಯಾಡ್‌ಬರಿ.

ಮೊದಲು ಆ ಕಂಪೆನಿಯ ಕುಲಗೋತ್ರ ನೋಡೋಣ. ನಮ್ಮ ಕುಲಗೋತ್ರವನ್ನು ಎಲ್ಲರೂ ಕೇಳುತ್ತಾರಲ್ಲ, ಒಮ್ಮೆ ನಾವೂ ಕೇಳೋಣ.

1824ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪೇಟೆಯಲ್ಲಿ ಜಾನ್ ಕ್ಯಾಡ್‌ಬರಿ ಎಂಬಾತ ಚಹಾ, ಕಾಫಿ, ಕುಡಿಯುವ ಚಾಕಲೇಟಿನ ಅಂಗಡಿ ಇಟ್ಟ. ಅವರು ಕ್ವೇಕರ್ ಪಂಥದವರು. ಹೆಂಡ ಬೇಡ, ಯುದ್ಧ ಬೇಡ, ಗುಲಾಮಗಿರಿ ಪಾಪ ಎನ್ನುವ ಸಜ್ಜನರು. ಮಕ್ಕಳ ಕಾಲಕ್ಕೆ ಅಂಗಡಿ ಕಾರ್ಖಾನೆಯಾಯಿತು. 1879ರಲ್ಲಿ ಊರ ಹೊರಗೆ ಬೋರ್ನ್‌ವಿಲ್ ಎಂಬಲ್ಲಿ ಹೊಸ ಕಾರ್ಖಾನೆ ಎದ್ದಿತು. ಮುಂದೆ ಅದರ ಸುತ್ತ ಒಂದು ಮಾದರಿ ಊರನ್ನೇ ಕಟ್ಟಿದರು. ಮನೆಗೊಂದು ಕೈತೋಟ, ಆಟದ ಬಯಲು, ಶಾಲೆ. ಹೆಂಡದಂಗಡಿ ಮಾತ್ರ ಇಲ್ಲ. ನಾವು ಇದನ್ನು ಸುಳ್ಳು ಅನ್ನುವುದಿಲ್ಲ. ಆ ಕಾಲದ ಇಂಗ್ಲೆಂಡಿನ ಕೂಲಿಗಳು ಕೊಳಚೆಯಲ್ಲಿ ಸಾಯುತ್ತಿದ್ದಾಗ ಇವರು ತಮ್ಮ ಕೂಲಿಗಳಿಗೆ ಗಾಳಿ ಬೆಳಕು ಕೊಟ್ಟರು. ಕಂಪೆನಿಯ ಸಾಮಾಜಿಕ ಜವಾಬ್ದಾರಿ ಅಂದಾಗಲೆಲ್ಲ ಇವತ್ತಿಗೂ ಪುಸ್ತಕದ ಪಂಡಿತರು ಬೋರ್ನ್‌ವಿಲ್ ಕಡೆಗೇ ಬೆರಳು ತೋರಿಸುತ್ತಾರೆ.

ಆದರೆ ಬೋರ್ನ್‌ವಿಲ್‌ನಲ್ಲಿ ಕೊಕ್ಕೋ ಬೆಳೆಯುವುದಿಲ್ಲ. ಆ ಕೊಕ್ಕೋದ ದೊಡ್ಡ ಪಾಲು ಆಫ್ರಿಕಾದ ಪಡುಗಡಲಿನ ಸಾವೊ ತೊಮೆ ಎಂಬ ಪುಟ್ಟ ದ್ವೀಪದಿಂದ ಬರುತ್ತಿತ್ತು. ಅದು ಪೋರ್ಚುಗೀಸರ ವಸಾಹತು. ಅಂಗೋಲಾದ ಒಳನಾಡಿನಿಂದ ಕಪ್ಪು ಜನರನ್ನು ಹಿಡಿದು, ಕಡಲ ತೀರದವರೆಗೆ ನಡೆಸಿ, ಐದು ವರ್ಷದ ಕರಾರು ಅಂತ ಬರೆಸಿಕೊಂಡು ಹಡಗು ಹತ್ತಿಸುತ್ತಿದ್ದರು. ಕಾಗದದಲ್ಲಿ ಕರಾರು, ನೆಲದಲ್ಲಿ ಗುಲಾಮಗಿರಿ. ಹೋದವರು ತಿರುಗಿ ಬರಲಿಲ್ಲ. 1901ರಲ್ಲೇ ಈ ಸುದ್ದಿ ಕ್ಯಾಡ್‌ಬರಿ ಮನೆತನದ ವಿಲಿಯಂ ಕ್ಯಾಡ್‌ಬರಿಯ ಕಿವಿಗೆ ಬಿತ್ತು. ಅದೇ ವರ್ಷ ಅಲ್ಲಿನ ಒಂದು ತೋಟ ಮಾರಾಟಕ್ಕಿದೆಯೆಂದು ಬಂದ ಕಾಗದದಲ್ಲಿ, ಆಸ್ತಿಪಟ್ಟಿಯ ಒಳಗೆ ಕೂಲಿಯಾಳುಗಳನ್ನೂ ಎಣಿಸಿ ಬೆಲೆ ಹಾಕಿತ್ತು.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಭೂಮಿಯ ಜತೆಗೆ ಆಳನ್ನೂ ಕೈ ಬದಲಾಯಿಸಿದ ಊರು ಇದು. 'ಮೂಲದ ಹೊಲೆಯ' ಅಂದರೆ ಏನೆಂದು ನಮ್ಮ ಹಿರಿಯರನ್ನು ಕೇಳಿ. 1843ರಲ್ಲಿ ಬ್ರಿಟಿಷರ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲ ಅಂತ ಹೇಳಿತು. ಕಾನೂನು ಹೇಳಿತು, ಗದ್ದೆ ಕೇಳಿಸಿಕೊಳ್ಳಲಿಲ್ಲ.

ಗುಲಾಮಗಿರಿ ಪಾಪ ಎನ್ನುವ ಆ ಸಜ್ಜನರು ಸುದ್ದಿ ತಿಳಿದ ಮೇಲೆ ಏನು ಮಾಡಿದರು? ವಿಚಾರಿಸಿದರು. ಪತ್ರ ಬರೆದರು. ಪೋರ್ಚುಗಲ್ಲಿನ ದೊಡ್ಡವರ ಜತೆ ಮಾತಾಡಿದರು. 1905ರಲ್ಲಿ ಒಬ್ಬನನ್ನು ತನಿಖೆಗೆ ಕಳಿಸಿದರು. ಅಲ್ಲಿಯವರೆಗೂ, ಅದರ ನಂತರವೂ, ಕೊಕ್ಕೋ ಕೊಳ್ಳುತ್ತಲೇ ಇದ್ದರು. ಕೊಳ್ಳುವುದನ್ನು ನಿಲ್ಲಿಸಿದ್ದು 1909ರ ಮಾರ್ಚಿನಲ್ಲಿ. ಎಂಟು ವರ್ಷ! ಬೋರ್ನ್‌ವಿಲ್‌ನಲ್ಲಿ ಗುಲಾಬಿ ಗಿಡಕ್ಕೆ ನೀರು ಹಾಕಿದ ಆ ಎಂಟು ವರ್ಷ ಸಾವೊ ತೊಮೆಯಲ್ಲಿ ಮನುಷ್ಯರು ಗೊಬ್ಬರವಾದರು. ಒಂದು ಪತ್ರಿಕೆ ಈ ಇಬ್ಬಂದಿತನವನ್ನು ಬರೆದದ್ದಕ್ಕೆ ಕಂಪೆನಿ ಮಾನನಷ್ಟದ ಮೊಕದ್ದಮೆ ಹೂಡಿತು. 1909ರ ಕೊನೆಗೆ ಕಂಪೆನಿಯೇ ಗೆದ್ದಿತು. ಆದರೆ ನ್ಯಾಯದರ್ಶಿಗಳು ಕೊಡಿಸಿದ ಪರಿಹಾರ ಎಷ್ಟು ಗೊತ್ತೇ? ಒಂದು ಫಾರ್ದಿಂಗ್. ಅಂದರೆ ಒಂದು ಪೆನ್ನಿಯ ಕಾಲು ಭಾಗ. ಅಷ್ಟು ಮಾನ ಹೋಗಿದೆ ಅಂತ ಅವರೂ ಅಳೆದರು.

ಕ್ಯಾಡ್‌ಬರಿಯವರು ಕೆಟ್ಟವರು ಅಂತ ಹೇಳಲು ನಾವು ಈ ಕಥೆ ತೆಗೆಯಲಿಲ್ಲ. ಕೆಟ್ಟವರಾಗಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಅವರು ಒಳ್ಳೆಯವರು. ಆ ಒಳ್ಳೆಯತನ ಕಾರ್ಖಾನೆಯ ಬೇಲಿಯವರೆಗೆ ಮಾತ್ರ ಬಂತು. ಕಾಯಿ ಒಡೆಯುವ ಕೈಯವರೆಗೆ ಬರಲಿಲ್ಲ. ನಮ್ಮೂರಿನ ಎಷ್ಟೋ ಧಣಿಗಳೂ ತಮ್ಮ ಮನೆಯ ಜಗಲಿಯವರೆಗೆ ಪರಮ ದಯಾಳುಗಳು. ದಯೆಗೆ ಜಗಲಿಯುಂಟು, ಹಕ್ಕಿಗೆ ಜಗಲಿಯಿಲ್ಲ.

1948ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ಕ್ಯಾಡ್‌ಬರಿ ಭಾರತಕ್ಕೆ ಬಂತು. ಮೊದಲು ಹೊರಗಿನಿಂದ ತರಿಸಿ ಇಲ್ಲಿ ಮಾರಿತು, ಮುಂದೆ ಇಲ್ಲೇ ತಯಾರಿಸಿತು. 1960ರ ದಶಕದ ನಡುವಿನಲ್ಲಿ ಇಲ್ಲೇ ಕೊಕ್ಕೋ ಬೆಳೆಸುವ ಯೋಚನೆ ಮಾಡಿತು. ಕೇರಳದ ತೋಟಗಳಿಗೆ ಕೊಕ್ಕೋ ಬಂತು, ಅಲ್ಲಿಂದ ದಕ್ಷಿಣ ಕನ್ನಡಕ್ಕೂ ಹತ್ತಿತು. ಬಂಟ್ವಾಳ ತಾಲೂಕಿನ ವಿಟ್ಲದ ಸಂಶೋಧನಾ ಕೇಂದ್ರವೂ ಅಡಿಕೆಯ ನಡುವೆ ಕೊಕ್ಕೋ ಬೆಳೆಯುವ ಕ್ರಮವನ್ನು ಕಲಿಸಿತು. ಅಡಿಕೆಗೆ ಹಾಕಿದ ನೀರು, ಗೊಬ್ಬರ, ನೆರಳಿನಲ್ಲೇ ಇನ್ನೊಂದು ಬೆಳೆ. ತೋಟದವರಿಗೆ ಇದು ಪುಕ್ಕಟೆ ಸಿಕ್ಕಿದ ಹಸುವಿನಂತೆ ಕಂಡಿತು.

ಆದರೆ ಹಸುವಿನ ಹಾಲು ಕೊಳ್ಳುವವನು ಒಬ್ಬನೇ. ಅಡಿಕೆಗಾದರೆ ನೂರು ಅಂಗಡಿಯಿತ್ತು. ಕೊಕ್ಕೋಕ್ಕೆ ಮನೆಯಲ್ಲಿ ಉಪಯೋಗವಿಲ್ಲ, ಸಂತೆಯಲ್ಲಿ ಬೆಲೆಯಿಲ್ಲ. ಹಣ್ಣು ಒಡೆದ ಮೇಲೆ ಎರಡು ದಿನ ಇಟ್ಟರೆ ಹುಳಿ ವಾಸನೆ. ಕಂಪೆನಿ ಹೇಳಿದ್ದೇ ಬೆಲೆ, ಬಂದದ್ದೇ ದಿನ. 1977ರ ಸುಮಾರಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋದ ಬೆಲೆ ಏರಿತ್ತು, ಗಿಡ ನೆಡುವ ಉಮೇದೂ ಏರಿತ್ತು. ಆಮೇಲೆ ಬೆಲೆ ಬಿತ್ತು. ಬೆಲೆ ಬಿದ್ದಾಗ ಕಂಪೆನಿ ಕೈ ಹಿಂದಕ್ಕೆ ಎಳೆದುಕೊಂಡಿತು. ಗಿಡ ನೆಡಿಸುವಾಗ ಮನೆ ಬಾಗಿಲಿಗೆ ಬಂದವರು ಹಣ್ಣಾಗುವಾಗ ಕಾಣಲಿಲ್ಲ. ಎಷ್ಟೋ ತೋಟಗಳಲ್ಲಿ ಗಿಡ ಕಡಿದು ಹಾಕಿದರು. ಉಳಿದ ಹಣ್ಣನ್ನು ಅಳಿಲು ತಿಂದಿತು.

ಆಗ ಮುಂದೆ ಬಂದದ್ದು ಕ್ಯಾಂಪ್ಕೋ. 1970ರ ದಶಕದ ಮೊದಲಿಗೆ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, 1973ರ ಜುಲೈ 11ರಂದು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರದು. 1980ರ ಆಸುಪಾಸಿಗೆ ಅದು ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತನ್ನದೇ ಚಾಕಲೇಟು ಕಾರ್ಖಾನೆ ತೆರೆಯಿತು. ಜಗತ್ತಿನ ದೈತ್ಯ ಕೈಬಿಟ್ಟ ಬೆಳೆಯನ್ನು ಒಂದು ಮೂಲೆಯ ಜಿಲ್ಲೆಯ ರೈತರು ಸೇರಿ ಎತ್ತಿ ಹಿಡಿದರು. ಇದು ಸಣ್ಣ ಮಾತಲ್ಲ. ಬಹುರಾಷ್ಟ್ರೀಯ ಕಂಪೆನಿಗಳಿಲ್ಲದೆ ದೇಶವಿಲ್ಲ ಎನ್ನುವವರ ಬಾಯಿಗೆ ಕೆಮ್ಮಿಂಜೆಯ ಕಾರ್ಖಾನೆ ಒಂದು ಬೀಗ. ನಾವು ಅದಕ್ಕೆ ನಮಸ್ಕಾರ ಹೇಳುತ್ತೇವೆ.

ನಮಸ್ಕಾರ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇವೆ. ಈ ಸಹಕಾರ ಯಾರಿಗೆ ಸಹಕಾರ?

ಬೆಳೆಗಾರರ ಸಂಸ್ಥೆಗೆ ಸದಸ್ಯರಾಗಬೇಕಾದರೆ ಬೆಳೆಗಾರರಾಗಬೇಕು. ಬೆಳೆಗಾರರಾಗಬೇಕಾದರೆ ಭೂಮಿ ಬೇಕು. ಭೂಮಿ ಯಾರ ಹೆಸರಿನಲ್ಲಿದೆ? 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದಾಗ ಉಳುವವನೇ ಹೊಲದೊಡೆಯ ಅಂದರು. ದಕ್ಷಿಣ ಕನ್ನಡದಲ್ಲಿ ಅದು ಬೇರೆ ಕಡೆಗಿಂತ ಚೆನ್ನಾಗಿಯೇ ನಡೆಯಿತು, ಸುಳ್ಳಲ್ಲ. ಗೇಣಿ ಚೀಟಿ ಇದ್ದವರು ಒಡೆಯರಾದರು. ಆದರೆ ನಿಜವಾಗಿ ನೇಗಿಲು ಹಿಡಿದ, ನೇಜಿ ನೆಟ್ಟ ನಮ್ಮವರ ಕೈಯಲ್ಲಿ ಗೇಣಿ ಚೀಟಿ ಎಲ್ಲಿಂದ ಬರಬೇಕು? ಮೂಲದ ಆಳಿಗೆ ಚೀಟಿ ಬರೆದುಕೊಡುತ್ತಾರೆಯೇ? ಹಾಗಾಗಿ ಹೊಲ ಒಕ್ಕಲಿಗೆ ಬಂತು. ನಮಗೆ ಗುಡಿಸಲಿನ ಅಡಿಯ ಕೆಲವು ಸೆಂಟ್ಸ್ ಬಂತು. ಅದೂ ಕೆಲವರಿಗೆ. ನಮ್ಮ ಪಾಲಿನದು ಅಂತ ಇದ್ದದ್ದು ಡಿ.ಸಿ. ಮನ್ನಾ ಭೂಮಿ. ಬ್ರಿಟಿಷರ ಕಾಲದಲ್ಲೇ ನಮ್ಮಂಥವರಿಗಾಗಿ ಮೀಸಲಿಟ್ಟದ್ದು. ಆ ಭೂಮಿ ಕೊಡಿ ಅಂತ ಈ ಜಿಲ್ಲೆಯ ದಲಿತರು ಬೀದಿಗೆ ಇಳಿದದ್ದು ಎಷ್ಟು ಸಲ? ಕಡತದಲ್ಲಿ ಅದು ನಮ್ಮದು. ಹೋಗಿ ನೋಡಿದರೆ ಅಲ್ಲಿ ಯಾರದೋ ಅಡಿಕೆ, ಅಡಿಕೆಯ ಮಧ್ಯೆ ಯಾರದೋ ಕೊಕ್ಕೋ.

ಅಂದರೆ ಹೀಗೆ: ಕಂಪೆನಿ ಬಂದಾಗ ನಾವು ಒಡೆದೆವು. ಕಂಪೆನಿ ಹೋದಾಗ ನಾವು ಕಡಿದೆವು. ಸಹಕಾರ ಬಂದಾಗ ಮತ್ತೆ ನಾವೇ ಒಡೆದೆವು. ಧಣಿಗೆ ಬೆಲೆ ಬಂತು, ಬೆಲೆ ಹೋಯಿತು, ಮತ್ತೆ ಬಂತು. ನಮಗೆ ಬಂದದ್ದು ದಿನದ ಕೂಲಿ. 2024ರಲ್ಲಿ ಆಫ್ರಿಕಾದ ಫಸಲು ಕೆಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರು ದಾಟಿತು. ನಮ್ಮ ತಾಲೂಕಿನಲ್ಲೂ ಹಸಿ ಬೀಜಕ್ಕೆ ಹಿಂದೆ ಕಂಡು ಕೇಳದ ಬೆಲೆ ಬಂತು. ಆ ವರ್ಷ ನಾವು ಒಡೆದ ಹಣ್ಣಿಗೆ ಹೆಚ್ಚು ಕೂಲಿ ಕೊಟ್ಟವರು ಯಾರು? ನಾವು ಕೆಲಸ ಮಾಡಿದ ತೋಟಗಳಲ್ಲಂತೂ ಯಾರೂ ಇಲ್ಲ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೊಡುವ ಮಾಮೂಲು ಕೂಡ ತಪ್ಪಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ!

ನಮ್ಮ ಕಾಲನಿಯ ಒಬ್ಬರು ಅಜ್ಜಿ ಮೂವತ್ತು ವರ್ಷ ಕೊಕ್ಕೋ ಒಡೆದವರು. ಕತ್ತಿಯಿಂದ ಕಡಿದರೆ ಬೀಜಕ್ಕೆ ಗಾಯ ಆಗ್ತದೆ ಅಂತ ಕಲ್ಲಿಗೆ ಬಡಿದು ಒಡೆಯುತ್ತಿದ್ದರು. ಬಿಳಿ ಲೋಳೆಯೊಳಗೆ ಕೈ ಹಾಕಿ ಬೀಜ ಬಿಡಿಸಿ ಗೋಣಿಗೆ ತುಂಬುವುದು. ಗೋಣಿಯಿಂದ ಸೋರುವ ನೀರು ತಲೆ, ಬೆನ್ನು, ಸೀರೆಗೆಲ್ಲ ಕಲೆ. ಕೊಕ್ಕೋದ ರುಚಿ ಹೇಗೆ ಅಜ್ಜಿ ಅಂತ ಕೇಳಿದೆವು. 'ತೀಪೆ ಅತ್ತ್, ಪುಳಿ' ಅಂದರು. ಸಿಹಿಯಲ್ಲ, ಹುಳಿ. ಅವರಿಗೆ ಗೊತ್ತಿರುವುದು ಆ ಲೋಳೆಯ ರುಚಿ. ಚಾಕಲೇಟು ಅದರಿಂದಲೇ ಆಗುವುದು ಅಂತ ಹೇಳಿದ್ದಕ್ಕೆ ನಕ್ಕರು, ನಂಬಲಿಲ್ಲ.

ಇನ್ನೊಂದು ಮಾತು. ಅದೇ ಅಜ್ಜಿ ಮುಟ್ಟಿದ ಕೊಡಪಾನದ ನೀರು ಧಣಿಯ ಅಡಿಗೆಮನೆಗೆ ಹೋಗುವುದಿಲ್ಲ. ಆದರೆ ಅವರ ಹತ್ತು ಬೆರಳು ಮುಟ್ಟಿದ ಬೀಜ ಹುಳಿತು, ಒಣಗಿ, ಹುರಿದು, ಅರೆದು, ಹೊಳೆಯುವ ಕಾಗದ ಸುತ್ತಿಕೊಂಡು ಬಂದರೆ ದೇವರ ಕೋಣೆಯವರೆಗೂ ಹೋಗುತ್ತದೆ. ಕಾಗದ ಸುತ್ತಿದರೆ ಮೈಲಿಗೆ ಹೋಗುತ್ತದೆ ಅಂತಾದರೆ, ಅಣ್ಣಂದಿರೇ, ನಮಗೂ ಒಂದೊಂದು ಕಾಗದ ಸುತ್ತಿ! ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ರೋಗ ಅವರಿಗೆ ದಾಟಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯಕ್ಕೆ 2000ನೇ ಇಸವಿಯವರೆಗೆ ಬೇಕಾಯಿತು. ಅನ್ನದ ವಿಷಯದಲ್ಲಿ ನಮಗೆ ಯಾರೂ ಸಂಸ್ಕೃತಿ ಕಲಿಸಲು ಬರಬೇಡಿ.

ಈಗ ಕಂಪೆನಿಗೆ ತಿರುಗೋಣ. ನಾವು ಪ್ರಶ್ನೆ ಕೇಳುವ ಹೊತ್ತಿಗೆ ಆ ಕಂಪೆನಿ ಇದ್ದಲ್ಲಿ ಇಲ್ಲ. ಮಾಲೀಕನೇ ಬದಲಾಗಿದ್ದಾನೆ.

1919ರಲ್ಲಿ ಕ್ಯಾಡ್‌ಬರಿ ಫ್ರೈ ಎಂಬ ಇನ್ನೊಂದು ಚಾಕಲೇಟು ಕಂಪೆನಿಯೊಡನೆ ಸೇರಿತು. 1969ರಲ್ಲಿ ಷ್ವೆಪ್ಸ್ ಎಂಬ ಪಾನೀಯದ ಕಂಪೆನಿಯೊಡನೆ ಸೇರಿತು, 2008ರಲ್ಲಿ ಬಿಟ್ಟಿತು. 2010ರ ಫೆಬ್ರವರಿಯಲ್ಲಿ ಅಮೆರಿಕದ ಕ್ರಾಫ್ಟ್ ಕಂಪೆನಿ ಸುಮಾರು 1,900 ಕೋಟಿ ಡಾಲರಿಗೆ ಕ್ಯಾಡ್‌ಬರಿಯನ್ನೇ ಕೊಂಡಿತು. ಆ ಕ್ರಾಫ್ಟ್ ಯಾರದು? ಮಾರ್ಲ್‌ಬೊರೊ ಸಿಗರೇಟಿನ ಫಿಲಿಪ್ ಮಾರಿಸ್ ಅದನ್ನು 1988ರಲ್ಲಿ ಕೊಂಡಿತ್ತು, 2007ರವರೆಗೂ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಹೆಂಡ ಮಾರುವುದು ಪಾಪ ಎಂದ ಕ್ವೇಕರರ ಅಂಗಡಿ ಹೊಗೆಸೊಪ್ಪಿನವರು ಸಾಕಿ ಬೆಳೆಸಿದ ಕಂಪೆನಿಯ ಬುಟ್ಟಿಗೆ ಬಿತ್ತು!

ಕೊಳ್ಳುವ ಮೊದಲು ಕ್ರಾಫ್ಟ್ ಒಂದು ಮಾತು ಕೊಟ್ಟಿತ್ತು. ಇಂಗ್ಲೆಂಡಿನ ಸಾಮರ್‌ಡೇಲ್ ಕಾರ್ಖಾನೆಯನ್ನು ಮುಚ್ಚುವುದಿಲ್ಲ, ನಡೆಸುತ್ತೇವೆ ಅಂತ. ಕೊಂಡ ಮೇಲೆ ವಾರ ಕಳೆಯುವುದರೊಳಗೆ ಮುಚ್ಚುತ್ತೇವೆ ಅಂದಿತು. ಸುಮಾರು 400 ಮಂದಿಯ ಕೆಲಸ ಪೋಲೆಂಡಿಗೆ ಹೋಯಿತು. ಅಲ್ಲಿನ ಕಂಪೆನಿ ಖರೀದಿಯ ಮೇಲ್ವಿಚಾರಣೆಯ ಮಂಡಳಿ ಅದೇ ವರ್ಷ ಕ್ರಾಫ್ಟಿಗೆ ಛೀಮಾರಿ ಹಾಕಿತು. ಛೀಮಾರಿಯಿಂದ ಯಾರ ಒಲೆಯೂ ಉರಿಯಲಿಲ್ಲ. ಬಿಳಿಯ ಕೂಲಿಗೆ, ಬೋರ್ನ್‌ವಿಲ್ ನೆರಳಿನ ಕೂಲಿಗೆ ಕೊಟ್ಟ ಮಾತೇ ಹೀಗಾದರೆ ಬೆಳ್ತಂಗಡಿ ತಾಲೂಕಿನ ಕೂಲಿಗೆ ಕೊಡುವ ಮಾತಿನ ಆಯುಷ್ಯ ಎಷ್ಟು?

2012ರಲ್ಲಿ ಕ್ರಾಫ್ಟ್ ಎರಡು ಹೋಳಾಯಿತು. ಚಾಕಲೇಟು, ಬಿಸ್ಕತ್ತಿನ ಹೋಳಿಗೆ ಮಾಂಡೆಲೀಜ್ ಅಂತ ಹೊಸ ಹೆಸರು. ಭಾರತದ ಕ್ಯಾಡ್‌ಬರಿಯೂ 2014ರಲ್ಲಿ ಮಾಂಡೆಲೀಜ್ ಆಯಿತು. ಅಂಗಡಿಯಲ್ಲಿ ಹೆಸರು ಕ್ಯಾಡ್‌ಬರಿ, ಕಡತದಲ್ಲಿ ಮಾಂಡೆಲೀಜ್. ಕಂಪೆನಿ ಕಂಪೆನಿಯನ್ನು ನುಂಗುವಾಗ ಕಾರ್ಖಾನೆ ಕೈ ಬದಲಾಗುತ್ತದೆ, ಹೆಸರು, ಗುರುತು, ಗಿರಾಕಿ ಎಲ್ಲ ಕೈ ಬದಲಾಗುತ್ತದೆ. ಹಳೆಯ ಪಾಪದ ಲೆಕ್ಕ ಮಾತ್ರ ದಾರಿಯಲ್ಲಿ ಎಲ್ಲೋ ಬಿದ್ದು ಹೋಗುತ್ತದೆ.

ಈಗ ಜವಾಬ್ದಾರಿಯ ಮಾತು. 2012ರಲ್ಲಿ ಮಾಂಡೆಲೀಜ್ 'ಕೊಕೋ ಲೈಫ್' ಅಂತ ಒಂದು ಕಾರ್ಯಕ್ರಮ ಘೋಷಿಸಿತು. ಕೊಕ್ಕೋ ಬೆಳೆಯುವ ಊರುಗಳ ಏಳಿಗೆಗೆ ಹತ್ತು ವರ್ಷದಲ್ಲಿ 40 ಕೋಟಿ ಡಾಲರು. ಭಾರತವೂ ಆ ಪಟ್ಟಿಯಲ್ಲಿದೆ. 2022ರಲ್ಲಿ ಇನ್ನೂ 60 ಕೋಟಿ ಸೇರಿಸಿ 2030ರ ಹೊತ್ತಿಗೆ ಒಟ್ಟು 100 ಕೋಟಿ ಮಾಡುತ್ತೇವೆ ಅಂದಿತು. ದೊಡ್ಡ ಮೊತ್ತ ಅಲ್ವಾ? ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಒಂದು ಕಂಪೆನಿ ಕೊಳ್ಳಲು 1,900 ಕೋಟಿ. ಅದೇ 2022ರಲ್ಲಿ ಕ್ಲಿಫ್ ಬಾರ್ ಎಂಬ ಕಂಪೆನಿ ಕೊಳ್ಳಲು ಸುಮಾರು 290 ಕೋಟಿ, ಮೆಕ್ಸಿಕೋದ ರಿಕೊಲಿನೊ ಕೊಳ್ಳಲು ಸುಮಾರು 130 ಕೋಟಿ, ಗ್ರೀಸಿನ ಚಿಪಿಟಾ ಕೊಳ್ಳಲು ಸುಮಾರು 200 ಕೋಟಿ. ನುಂಗಲು ಒಂದೇ ವರ್ಷದಲ್ಲಿ ಆರು ನೂರು ಕೋಟಿ, ಬೆಳೆಯುವವರ ಏಳಿಗೆಗೆ ಹದಿನೆಂಟು ವರ್ಷದಲ್ಲಿ ನೂರು ಕೋಟಿ. ಇದನ್ನು ನಾವು ಜವಾಬ್ದಾರಿ ಅನ್ನಬೇಕೋ, ಗೋಣಿಯ ತೂತಿನಿಂದ ಸೋರಿದ ನೀರು ಅನ್ನಬೇಕೋ?

ಇಡೀ ಉದ್ಯಮದ ಕಥೆಯೂ ಇದೇ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬರುವುದು ಐವರಿ ಕೋಸ್ಟ್, ಘಾನಾ ಎರಡೇ ದೇಶಗಳಿಂದ. ಅಲ್ಲಿನ ತೋಟಗಳ ಕೆಟ್ಟ ಬಾಲದುಡಿಮೆಯನ್ನು 2005ರೊಳಗೆ ನಿಲ್ಲಿಸುತ್ತೇವೆ ಅಂತ ದೊಡ್ಡ ಚಾಕಲೇಟು ಕಂಪೆನಿಗಳು 2001ರಲ್ಲಿ ಅಮೆರಿಕದಲ್ಲಿ ರುಜು ಹಾಕಿದವು. 2005 ಹೋಗಿ 2008 ಆಯಿತು, 2008 ಹೋಗಿ 2010 ಆಯಿತು. ಕೊನೆಗೆ ನಿಲ್ಲಿಸುವ ಮಾತೇ ಹೋಗಿ 2020ಕ್ಕೆ ಶೇಕಡಾ 70 ಕಡಿಮೆ ಮಾಡುತ್ತೇವೆ ಅಂದರು. 2020ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ವರದಿ ಕೊಟ್ಟರು: ಆ ಎರಡು ದೇಶಗಳ ಕೊಕ್ಕೋ ತೋಟಗಳಲ್ಲಿ ದುಡಿಯುವ ಮಕ್ಕಳು ಸುಮಾರು 15.6 ಲಕ್ಷ. ಚೀಲ ಬೆನ್ನಿಗೆ ಹಾಕುವ ವಯಸ್ಸಿನ ಮಕ್ಕಳ ಬೆನ್ನಿಗೆ ಅಲ್ಲಿ ಗೋಣಿ.

ನಮ್ಮ ದೇಶದಲ್ಲಿ ಇದು ಈಗ ಕಾನೂನು. 2013ರ ಕಂಪೆನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗೊತ್ತುಪಡಿಸಿದ ಮಟ್ಟ ಮೀರಿದ ಕಂಪೆನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಮಾಸ್ಟ್ರುಗಳೇ, ಇದನ್ನು ಮಕ್ಕಳಿಗೆ ಹೇಳಿ. ಆ ಚೀಲ ದಾನವಲ್ಲ, ಕಾನೂನು ಹಾಕಿದ ಕರ್ತವ್ಯ. ಕಂದಾಯ ಕಟ್ಟಿದವನಿಗೆ ಶಾನುಭೋಗ ಕೈ ಮುಗಿದದ್ದನ್ನು ಯಾರಾದರೂ ಕಂಡಿದ್ದೀರಾ? ನೂರರಲ್ಲಿ ಎರಡು ಹಂಚುವವನು ಫೋಟೋಕ್ಕೆ ನಿಲ್ಲುತ್ತಾನೆ. ಉಳಿದ ತೊಂಬತ್ತೆಂಟು ಹೇಗೆ ಬಂತೆಂದು ಕೇಳುವವರ ಫೋಟೋ ಪೊಲೀಸ್ ಠಾಣೆಯಲ್ಲಿರುತ್ತದೆ.

ಆ ತೊಂಬತ್ತೆಂಟರ ಒಂದು ಕಥೆ ಕೇಳಿ. ಹಿಮಾಚಲ ಪ್ರದೇಶದ ಬದ್ದಿಯಲ್ಲಿ 2010ರ ಮಾರ್ಚ್ 31ರೊಳಗೆ ಉತ್ಪಾದನೆ ಶುರು ಮಾಡಿದ ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಇತ್ತು. ಕ್ಯಾಡ್‌ಬರಿ ವಿನಾಯಿತಿ ಕೇಳಿದ ಎರಡನೆಯ ಘಟಕ ಆ ದಿನಕ್ಕೆ ಕೆಲಸವನ್ನೇ ಆರಂಭಿಸಿರಲಿಲ್ಲ ಅಂತ ಕೇಂದ್ರ ಅಬಕಾರಿ ಸುಂಕದ ಇಲಾಖೆ ಆರೋಪಿಸಿತು. 2021ರಲ್ಲಿ ಸಿ.ಬಿ.ಐ. ಮೊಕದ್ದಮೆ ದಾಖಲಿಸಿತು. ಅದೇ ಕಾರ್ಖಾನೆಯ ಪರವಾನಗಿಗಾಗಿ ದಲ್ಲಾಳಿಗೆ ಕೊಟ್ಟ ಹಣದ ವಿಷಯದಲ್ಲಿ 2017ರ ಜನವರಿಯಲ್ಲಿ ಮಾಂಡೆಲೀಜ್ ಅಮೆರಿಕದ ಷೇರು ನಿಯಂತ್ರಣ ಮಂಡಳಿಗೆ 1.3 ಕೋಟಿ ಡಾಲರು ದಂಡ ಕಟ್ಟಿತು. ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನೋಡಿ ಗೆಳೆಯರೇ, ಕಾಗದದಲ್ಲಿ ಇದ್ದು ನೆಲದ ಮೇಲೆ ಇಲ್ಲ ಎಂಬ ಆರೋಪದ ಕಾರ್ಖಾನೆಗೆ ಕೋಟಿಗಟ್ಟಲೆ ವಿನಾಯಿತಿ. ಕಾಗದದಲ್ಲಿ ಇದ್ದು ನೆಲದ ಮೇಲೆ ಇಲ್ಲದ ನಮ್ಮ ಡಿ.ಸಿ. ಮನ್ನಾ ಭೂಮಿಗೆ 'ನಾಳೆ ಬಾ'.

ಶಾಲೆಯ ಬಾಗಿಲಿಗೂ ಬನ್ನಿ. ಬೋರ್ನ್‌ವಿಲ್ ಊರಿನ ಹೆಸರಿನಿಂದ ಹುಟ್ಟಿದ ಬೋರ್ನ್‌ವಿಟಾವನ್ನು ಶಕ್ತಿಯ ಪೇಯ ಅಂತ ನಮ್ಮ ತಾಯಂದಿರಿಗೆ ಎಷ್ಟು ವರ್ಷ ಹೇಳಿದರು? 2023ರಲ್ಲಿ ಅದರ ಸಕ್ಕರೆಯ ಬಗ್ಗೆ ಗಲಾಟೆಯೆದ್ದ ಮೇಲೆ ಸಕ್ಕರೆ ಇಳಿಸಿದರು. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾವೂ ಸೇರಿದಂತೆ ಇಂಥ ಪೇಯಗಳನ್ನು ಆರೋಗ್ಯ ಪೇಯದ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಬಡವರ ಮಗುವಿಗೆ ಬಿಸಿಯೂಟದಲ್ಲಿ ಒಂದು ಮೊಟ್ಟೆ ಕೊಟ್ಟರೆ ಧರ್ಮ ಕೆಟ್ಟಿತು ಎನ್ನುವ ಸ್ವಾಮಿಗಳು ಈ ಸಕ್ಕರೆಯ ಬಗ್ಗೆ ಒಂದು ದಿನವಾದರೂ ಬಾಯಿ ಬಿಟ್ಟರೇ? ಮೊಟ್ಟೆಗೆ ಜಾತಿಯುಂಟು, ಸಕ್ಕರೆಗೆ ಬಂಡವಾಳ ಉಂಟು. ಅಷ್ಟೇ ವ್ಯತ್ಯಾಸ.

ಬಹುರಾಷ್ಟ್ರೀಯ ಕಂಪೆನಿಗಳ ವಿರುದ್ಧ ಈ ನಾಡು ಎದ್ದು ನಿಲ್ಲಲಿಲ್ಲ ಅಂತ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ 1977ರಲ್ಲಿ ಕೋಕಾಕೋಲಾ ಗಂಟು ಕಟ್ಟಿತು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು, 1996ರಲ್ಲಿ ಕೆಂಟಕಿ ಕೋಳಿಯ ಅಂಗಡಿಗೆ. ಹಸಿರು ಶಾಲಿನವರ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಆ ಹೋರಾಟದಲ್ಲಿ ತೋಟದ ಒಡೆಯ ರೈತನಾದ, ತೋಟದಲ್ಲಿ ದುಡಿದವನು ಪ್ರೇಕ್ಷಕನಾದ. ಹೊರಗಿನ ಧಣಿಗೆ ಧಿಕ್ಕಾರ ಕೂಗಿದವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ಗೆರಟೆ ಬಿಸಾಡಿದರು? 1938ರಲ್ಲಿ ಮನ್ಮಾಡಿನ ರೈಲ್ವೆ ಕಾರ್ಮಿಕರ ಮುಂದೆ ಬಾಬಾಸಾಹೇಬರು ನಮಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಹೇಳಿದರು. ಒಬ್ಬನನ್ನು ಹೊಡೆಯಲು ಇನ್ನೊಬ್ಬನ ತೋಟದಲ್ಲಿ ಅಡಗಿ ಕೂತರೆ ಗೆಲ್ಲುವುದು ತೋಟದವನೇ.

ಈ ನಡುವೆ ಸರಕಾರ ಏನು ಮಾಡಿತು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತು. ಈಗ ಬೇಸಾಯ ಗೊತ್ತಿಲ್ಲದವನೂ ಹಣವಿದ್ದರೆ ಹೊಲ ಕೊಳ್ಳಬಹುದು. ಉಳುವವನೇ ಹೊಲದೊಡೆಯ ಎಂದ ನಾಡು ಉಳದವನೂ ಹೊಲದೊಡೆಯ ಅಂದಿತು. ಉಳಿದದ್ದು ಒಂದೇ ಪ್ರಶ್ನೆ: ಉಳುವವನು ಎಲ್ಲಿ ಹೋಗಬೇಕು?

ಹಾಗಾದರೆ ಚೀಲ ಏನು ಮಾಡುವುದು? ಅವತ್ತಿನ ಜಗಳ ಹೀಗೆ ಮುಗಿಯಿತು. ಚೀಲ ವಾಪಸು ಕೊಡಲಿಲ್ಲ. ಅದು ನಮ್ಮ ದುಡಿಮೆಯಿಂದಲೇ ಬಂದದ್ದು, ವಾಪಸು ಯಾಕೆ? ಆದರೆ ಚೀಲದ ಮೇಲಿನ ಗುರುತಿನ ಮೇಲೆ ನಮ್ಮ ಹುಡುಗಿಯರು ಬಟ್ಟೆಯ ತುಂಡು ಇಟ್ಟು ಹೊಲಿದರು. ಮಕ್ಕಳು ಆ ತುಂಡಿನ ಮೇಲೆ ತಮ್ಮ ತಮ್ಮ ಹೆಸರು ಬರೆದುಕೊಂಡರು. ಇನ್ನು ಮುಂದೆ ಯಾರು ಬಂದರೂ ಕೈ ಮುಗಿಸಿ ಫೋಟೋ ತೆಗೆಯಲು ಬಿಡಬಾರದು ಅಂತ ಮಾಸ್ಟ್ರಿಗೆ ಹೇಳಿ ಬಂದೆವು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಶೇಕಡಾ ಎರಡರ ಹಣವನ್ನು ಎಲ್ಲಿ ಹೇಗೆ ಖರ್ಚು ಮಾಡಬೇಕು ಅಂತ ಕಂಪೆನಿಯ ಕಾರಿನಲ್ಲಿ ಬಂದವರು ಹೇಳಬಾರದು, ಗ್ರಾಮಸಭೆ ಹೇಳಬೇಕು. ಕೊಕ್ಕೋ ಕೊಯ್ದು ಒಡೆದವರ ಕೂಲಿ ಬೆಲೆಯ ಜತೆಗೆ ಏರಬೇಕು, ಹೆಂಗಸರಿಗೂ ಗಂಡಸರಿಗೂ ಒಂದೇ ಇರಬೇಕು. ಬೆಳೆಗಾರರ ಸಹಕಾರ ಸಂಘಗಳು ಬೆಳೆಯುವ ಕೈಗಳಿಗೂ ಪಾಲು ಕೊಡಲಿ, ಆಡಳಿತದಲ್ಲಿ ಕುರ್ಚಿ ಕೊಡಲಿ. ಕಂಪೆನಿಯನ್ನು ಎದುರಿಸಿ ನಿಂತವರಿಗೆ ಇಷ್ಟು ಧೈರ್ಯ ಇರಲೇಬೇಕು. ಎಲ್ಲಕ್ಕಿಂತ ಮೊದಲು ಡಿ.ಸಿ. ಮನ್ನಾ ಭೂಮಿಯನ್ನು ಅಳೆದು ನಮ್ಮ ಕೈಗೆ ಕೊಡಿ. ನಮ್ಮದೇ ನೆಲದಲ್ಲಿ ನಾವೇ ನಾಲ್ಕು ಕೊಕ್ಕೋ ನೆಡುತ್ತೇವೆ.

ಲಾಯಿಲದಿಂದ ಕೆಮ್ಮಿಂಜೆಗೆ ಉಪ್ಪಿನಂಗಡಿ ದಾರಿಯಾಗಿ ಬಸ್ಸುಂಟು. ಆ ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಹೋಗಬೇಕು ಅಂತ ನಾವು ಮಾತಾಡಿಕೊಂಡಿದ್ದೇವೆ. ದಾನದ ಚಾಕಲೇಟು ತಿನ್ನಲಿಕ್ಕೆ ಅಲ್ಲ. ಕಾರ್ಖಾನೆಯ ಗೇಟಿನ ಎದುರು ನಿಂತು, ಮೂವತ್ತು ವರ್ಷ ಈ ಬೀಜ ಬಿಡಿಸಿದವಳು ನಾನು, ನನ್ನ ಪಾಲು ಎಲ್ಲಿ ಅಂತ ಕೇಳಲಿಕ್ಕೆ. ಅವರು ತುಳುವಿನಲ್ಲಿ ಕೇಳುತ್ತಾರೆ. ಗೇಟಿನವರಿಗೆ ತುಳು ಬರುತ್ತದೆ.